ಕಳುಹಿಸಲಾಗಿದೆ: ಹೌದು

ಮಾರ್ಚ್ 5, ಗುರುವಾರ

ಕಣ್ಣಾಸ್ಪತ್ರೆಯ ತಾಲೀಮು ಮುಗಿಯಿತು. ಅವರಲ್ಲಿ ಕಾರ್ನಿಯಾ ಕಸಿಗೆ ಕಾಯುವವರ ಪಟ್ಟಿಯನ್ನು ನಮ್ಮ ಪ್ರೋಗ್ರಾಂ ನೋಡಿಕೊಳ್ಳುತ್ತದೆ. ದಾನದ ಕಣ್ಣು ಬಂದ ಕೂಡಲೇ ಪಟ್ಟಿಯ ಮೊದಲನೆಯವರಿಗೆ ಮೆಸೇಜ್ ಹೋಗುತ್ತದೆ. ಮೂರು ತಾಸಿನೊಳಗೆ ಉತ್ತರ ಬರದಿದ್ದರೆ ಸರದಿ ಎರಡನೆಯವರದು, ಮೊದಲನೆಯವರು ಪಟ್ಟಿಯ ಕೊನೆಗೆ. ಹೊಸ ಸಿಬ್ಬಂದಿಗೆ ಇದನ್ನೆಲ್ಲ ಒಂದು ಸಲ ನಡೆಸಿ ತೋರಿಸಬೇಕಿತ್ತು. ಆದರೆ ನಿಜವಾದ ರೋಗಿಗಳಿಗೆ ಮೆಸೇಜ್ ಹೋಗುವಂತಿಲ್ಲ. ಪ್ರಯೋಗಕ್ಕೆಂದು ಬೇರೆ ಯಂತ್ರವೂ ಇಲ್ಲ. ಹಾಗಾಗಿ ಓಡುತ್ತಿರುವ ಪ್ರೋಗ್ರಾಂನೊಳಗೇ ಕೈಹಾಕಿದೆ.

ಈ ಪ್ರೋಗ್ರಾಂ ಬರೆದಿರುವ ರೂಬಿ ಭಾಷೆಯಲ್ಲಿ ಇದು ಸುಲಭ. ಪ್ರೋಗ್ರಾಂ ಓಡುತ್ತಿರುವಾಗಲೇ ಯಾವ ಕ್ಲಾಸನ್ನಾದರೂ, ಅಂದರೆ ಅದರ ಯಾವ ಭಾಗವನ್ನಾದರೂ, ತೆರೆದು ಅದರ ಒಂದು ಮೆಥಡನ್ನು, ಒಂದು ಕೆಲಸ ಮಾಡಿಸುವ ಸಾಲುಗಳನ್ನು, ಬದಲಾಯಿಸಬಹುದು. ಯಾಕೆ ಎಂದು ಕೇಳುವವರಿಲ್ಲ. ಮೆಸೇಜ್ ಕಳಿಸುವ ಮೆಥಡನ್ನು 'ಹಳೆಯದು' ಎಂಬ ಹೆಸರಿನಲ್ಲಿ ತೆಗೆದಿಟ್ಟೆ. ಅದರ ಜಾಗದಲ್ಲಿ, ಏನನ್ನೂ ಮಾಡದೆ 'ಹೌದು' ಎಂದಷ್ಟೇ ಉತ್ತರಿಸುವ ಹುಸಿ ಮೆಥಡ್ ಒಂದನ್ನು ಕೂರಿಸಿದೆ. ಒಟ್ಟು ನಾಲ್ಕು ಸಾಲು. ಮಧ್ಯದಲ್ಲಿ ಆಸ್ಪತ್ರೆಯವರ ಎರಡು ಪರದೆಗಳು ಕೈಕೊಟ್ಟು ಮೊದಲಿನಿಂದ ಶುರು ಮಾಡಬೇಕಾಯಿತು. ಕೊನೆಗೆ ಹಳೆಯದನ್ನು ಅದರ ಜಾಗಕ್ಕೆ ತಂದು ಕೂರಿಸಿದೆ. ಹನ್ನೊಂದು ನಲವತ್ತು.

ನಮ್ಮ ಕಚೇರಿಯಲ್ಲಿ ಪ್ರೋಗ್ರಾಂ ಪರೀಕ್ಷಿಸುವ ಕೆಲಸ ಮಾಡುವವನನ್ನು ಎಲ್ಲರೂ ಅನುಮಾನಪ್ಪ ಅಂತಲೇ ಕರೆಯುತ್ತಾರೆ. ಕುರ್ಚಿ ಎಳೆದುಕೊಂಡು ಬಂದ.

"ಎಲ್ಲಾ ಮೊದಲಿನ ಹಾಗೆ ಆಯ್ತಾ ಮೇಡಂ?"

"ಆಯ್ತು."

"ನೀವು ಅಷ್ಟು ಬೇಗ 'ಆಯ್ತು' ಅಂದ್ರೆ ನನಗೆ ತಲೆ ಬಿಸಿಯಾಗುತ್ತೆ. ನಿಮ್ಮ ನಂಬರಿಗೇ ಒಂದು ಕಳಿಸಿ ನೋಡಿಬಿಡಿ."

"ಹದಿನಾರು ವರ್ಷದಿಂದ ಮಾಡ್ತಿರೋ ಕೆಲಸಪ್ಪ ಇದು."

"ಅದೇ ನನ್ನ ಅನುಮಾನ," ಎಂದು ನಕ್ಕು ಎದ್ದುಹೋದ.

ಸಂಜೆ ತಂಗಿಗೆ ಫೋನ್. ಒಂದೇ ರಿಂಗ್‌ಗೆ ಎತ್ತಿದಳು. ಈಜುಕೊಳದಲ್ಲಿ ಮಕ್ಕಳಿಗೆ ಕಲಿಸುವಾಗಲೂ ಫೋನನ್ನು ನೀರು ಹೋಗದ ಚೀಲದಲ್ಲಿ ಹಾಕಿ ಕೊರಳಿಗೆ ಕಟ್ಟಿಕೊಂಡಿರುತ್ತಾಳೆ. ಮಕ್ಕಳು ಅವಳನ್ನು ಗಂಟೆ ಟೀಚರ್ ಅನ್ನುತ್ತಾರಂತೆ. "ಸ್ನಾನಕ್ಕೆ ಹೋದ್ರೂ ಕಟ್ಟಿಕೊಂಡೇ ಹೋಗ್ತೀಯೇನೇ?" ಎಂದು ಕೇಳಿದೆ. "ಹೂಂ, ಸೋಪು ಮರೆತ್ರೂ ಇದನ್ನ ಮರೆಯಲ್ಲ," ಅಂದಳು. ಮೊದಲು ಹೀಗಿರಲಿಲ್ಲ. ಫೋನನ್ನು ಎಲ್ಲಿಟ್ಟೆ ಎಂದು ಮನೆಯೆಲ್ಲ ಹುಡುಕುವವಳು, ಚಾರ್ಜ್ ಮಾಡದವಳು. ಆರು ವರ್ಷದ ಹಿಂದೆ ಅಪ್ಪ ಹೋದ ಬೆಳಿಗ್ಗೆ ನಾಲ್ಕು ಸಲ ಮಾಡಿದ್ದೆ, ಸಿಗಲಿಲ್ಲ. ಫೋನು ಈಜುಕೊಳದ ಲಾಕರಿನಲ್ಲಿ ಚಾರ್ಜಿಲ್ಲದೆ ಆರಿಹೋಗಿ ಬಿದ್ದಿತ್ತು. ಆಮೇಲಿನಿಂದ ಈ ಚೀಲ.

ಮಾರ್ಚ್ 10, ಮಂಗಳವಾರ

ಆಸ್ಪತ್ರೆಯಲ್ಲಿ ಪಟ್ಟಿ ನೋಡಿಕೊಳ್ಳುವವರು, ನಾವೆಲ್ಲ ಪಟ್ಟಿ ಮೇಡಂ ಅನ್ನುವವರು, ಬೆಳಿಗ್ಗೆಯೇ ಫೋನ್ ಮಾಡಿದರು.

"ಶುಕ್ರವಾರ ಬೆಳಿಗ್ಗೆ ಆರೂ ಇಪ್ಪತ್ತಕ್ಕೆ ಒಂದು ಕಣ್ಣು ಬಂತು ರೀ. ಪಟ್ಟಿಯಲ್ಲಿ ಮೊದಲನೆಯವರು ಒಬ್ಬ ಪುಸ್ತಕ ಬೈಂಡ್ ಮಾಡೋರು. ಉತ್ತರ ಕೊಡಲಿಲ್ಲ. ಎರಡನೆಯವರು ಅವತ್ತು ತಪಾಸಣೆಗೆ ಅಂತ ಇಲ್ಲೇ ಬಂದು ಕೂತಿದ್ರು, ಬಾಯಲ್ಲೇ ಹೇಳಿ ಒಳಗೆ ಕರ್ಕೊಂಡ್ವಿ. ಈಗ ಬೈಂಡರ ಮಗಳು ಬಂದು ನಿಂತಿದ್ದಾಳೆ, ಮೆಸೇಜೇ ಬಂದಿಲ್ಲ ಅಂತಾಳೆ. ದಾಖಲೆ ಇದ್ರೆ ಓದಿ ಹೇಳಿ, ಅವಳೂ ಕೇಳಲಿ."

ಫೋನನ್ನು ಜೋರು ಮಾಡಿದರು. ದಾಖಲೆ ತೆರೆದು ಓದಿದೆ: ಶುಕ್ರವಾರ, 6:20. ಕಳುಹಿಸಲಾಗಿದೆ: ಹೌದು.

"ನಾನು ಆರು ಗಂಟೆಗೇ ಎದ್ದಿದ್ದೆ," ಎಂದಿತು ಆ ಕಡೆಯ ದನಿ. "ಅಪ್ಪಂಗೆ ಕಾಣಲ್ಲ, ಅದಕ್ಕೇ ನನ್ನ ನಂಬರೇ ಕೊಟ್ಟಿರೋದು. ಏನೂ ಬಂದಿಲ್ಲ ಮೇಡಂ."

"ಇಲ್ಲಿ 'ಹೌದು' ಅಂತ ಇದೆಯಮ್ಮ," ಎಂದೆ. "ಯಂತ್ರ ಸುಳ್ಳು ಹೇಳೋದಿಲ್ಲ."

ಅವಳು ಮೆಲ್ಲಗೆ, "ದಿನಾ ಜಾಹೀರಾತು ಬರ್ತಾನೇ ಇರ್ತವೆ. ಓದದೇ ಅಳಿಸಿಬಿಡ್ತೀನಿ. ಇದನ್ನೂ ಅಳಿಸಿಬಿಟ್ಟೆನೋ ಏನೋ," ಅಂದಳು.

"ನೋಡಮ್ಮ ಮತ್ತೆ," ಎಂದರು ಪಟ್ಟಿ ಮೇಡಂ. ಬೈಂಡರು ಈಗ ಪಟ್ಟಿಯ ಕೊನೆಗೆ, ನಲವತ್ತೊಂದನೆಯವರು. ಎಡಗಣ್ಣು ಎಂದೋ ಹೋಗಿದೆ, ಬಲಗಣ್ಣು ಮಂಜಾಗಿದೆ. ಪಾಪ ಅನ್ನಿಸಿತು. ಯಾರ ಮೇಲೂ ಸಿಟ್ಟಾಗುವ ಪ್ರಶ್ನೆಯಲ್ಲ. ಜನ ಫೋನ್ ನೋಡುವುದೇ ಇಲ್ಲ.

ಮಾರ್ಚ್ 11, ಬುಧವಾರ

ಏಪ್ರಿಲ್‌ನಲ್ಲಿ ಇನ್ನೊಂದು ತಾಲೀಮು ಬೇಕಂತೆ. ಅವೇ ನಾಲ್ಕು ಸಾಲು ಬೇಕಾಗುತ್ತವಲ್ಲ ಎಂದು ಗುರುವಾರ ನಾನು ಕೊಟ್ಟ ಆದೇಶಗಳ ಪಟ್ಟಿಯನ್ನು ತೆಗೆದು ನೋಡಿದೆ.

ನಾಲ್ಕು ಸಾಲು ಎರಡು ಸಲ ಇವೆ. ವಾಪಸು ತಂದದ್ದು ಒಂದೇ ಸಲ.

ಇದನ್ನು ಸರಿಯಾಗಿ ಬರೆದಿಡುತ್ತೇನೆ. ಮೊದಲ ಸಲ ನಾಲ್ಕು ಸಾಲು ಓಡಿದಾಗ 'ಹಳೆಯದು' ಎಂಬ ಹೆಸರಿನಲ್ಲಿ ಇದ್ದದ್ದು ಅಸಲಿ ಮೆಥಡ್. ಪರದೆ ಕೈಕೊಟ್ಟಿತೆಂದು, ಅದನ್ನು ವಾಪಸು ತರದೆಯೇ, ಅವೇ ನಾಲ್ಕು ಸಾಲನ್ನು ಮತ್ತೆ ಓಡಿಸಿದೆ. ಆ ಹೊತ್ತಿಗೆ ಜಾಗದಲ್ಲಿ ಕೂತಿದ್ದದ್ದು ಹುಸಿ. ಆ ಹುಸಿಯನ್ನೇ 'ಹಳೆಯದು' ಎಂದು ತೆಗೆದಿಟ್ಟೆ. ಅಸಲಿಗೆ ಆಮೇಲೆ ಯಾವ ಹೆಸರೂ ಉಳಿಯಲಿಲ್ಲ. ಕೊನೆಯಲ್ಲಿ ಬಹಳ ಜಾಗ್ರತೆಯಿಂದ ನಾನು ಜಾಗಕ್ಕೆ ತಂದು ಕೂರಿಸಿದ್ದು ಹುಸಿಯನ್ನೇ. ಸರಿಯಾಗಿ ಕೂತಿದೆಯೇ ಎಂದು ಕೇಳಿದೆ. 'ಹೌದು' ಅಂದಿತು.

ಗುರುವಾರ ಹನ್ನೊಂದು ನಲವತ್ತರಿಂದ ಶನಿವಾರ ಬೆಳಿಗ್ಗೆ ಒಂಬತ್ತರವರೆಗೆ ಒಂದು ಮೆಸೇಜೂ ಹೊರಗೆ ಹೋಗಿಲ್ಲ. ಪ್ರತಿ ಶನಿವಾರ ಪ್ರೋಗ್ರಾಂ ನಿಂತು ಹೊಸದಾಗಿ ಶುರುವಾಗುತ್ತದೆ; ಆಗ ಕ್ಲಾಸು ಮೂಲ ಕಡತದಿಂದ ಮತ್ತೆ ಬಂತು, ಎಲ್ಲ ಸರಿಹೋಯಿತು. ಹುಸಿ ಇದ್ದದ್ದಕ್ಕೆ ಗುರುತೇ ಇಲ್ಲ, ನನ್ನ ಈ ಆದೇಶಗಳ ಪಟ್ಟಿಯೊಂದನ್ನು ಬಿಟ್ಟು. ಅದನ್ನು ತೆರೆಯುವವಳು ನಾನೊಬ್ಬಳೇ.

ಒಟ್ಟು ಏಳು ಮೆಸೇಜು. ಆರು ಬರೀ ಮರುತಪಾಸಣೆಯ ನೆನಪೋಲೆ. ಏಳನೆಯದು ಬೈಂಡರದು.

ಮೆಸೇಜ್ ಹೋಗದಿದ್ದರೆ ಮಾತ್ರ ಆಸ್ಪತ್ರೆಯವರು ಫೋನ್ ಮಾಡಬೇಕು ಎಂಬ ನಿಯಮವಿದೆ. ಅದನ್ನು ಬರೆದುಕೊಟ್ಟವಳೂ ನಾನೇ.

ಮಾರ್ಚ್ 12, ಗುರುವಾರ

ನಮ್ಮ ಕಚೇರಿಯ ದೊಡ್ಡವರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಹೇಳಿದೆ. ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತ ಕೇಳಿದರು.

"ಯಾರಿಗಾದ್ರೂ ಗೊತ್ತಾ?"

"ಇಲ್ಲ."

"ಅವರ ಮಗಳೇ ಅಳಿಸಿದೆ ಅಂತ ಒಪ್ಕೊಂಡಿದ್ದಾಳೆ ಅಲ್ವಾ?"

"ಅವಳು ಅಳಿಸಿಲ್ಲ ಸರ್."

"ಅದು ನನಗೂ ಅರ್ಥ ಆಯ್ತಮ್ಮ. ಈ ತಿಂಗಳ ಕೊನೆಗೆ ಆಸ್ಪತ್ರೆ ಜೊತೆ ಒಪ್ಪಂದ ಮತ್ತೆ ಬರೆಸ್ಬೇಕು. ಅಲ್ಲೀವರೆಗೆ ಬಾಯಿ ಬಿಡಬೇಡಿ. ಆಮೇಲೆ ನಾನೇ ಮೆಲ್ಲಗೆ ಹೇಳ್ತೀನಿ, ಅವರನ್ನ ಮೇಲಕ್ಕೆ ಹಾಕಿಸ್ತೀನಿ. ಎರಡು ವಾರದಲ್ಲಿ ಏನು ಮುಳುಗಿಹೋಗುತ್ತೆ? ತಾನಾಗೇ ಹೋಗಿ ತಲೆ ಕೊಡೋರು ಯಾರಾದ್ರೂ ಇದ್ದಾರಾ?"

ಅವರ ಮಾತಿನಲ್ಲೂ ಅರ್ಥವಿದೆ. ಕಣ್ಣು ಬರುವುದು ತಿಂಗಳಿಗೆ ಒಂದೋ ಎರಡೋ. ಹೌದು ಎಂದು ತಲೆಯಾಡಿಸಿ ಬಂದೆ.

ತಂಗಿ ತಾನೇ ಫೋನ್ ಮಾಡಿದಳು. ನನ್ನ ದನಿ ಕೇಳಿ, "ಯಾಕಕ್ಕ, ಹುಷಾರಿಲ್ವಾ? ನಾನು ಬರಲಾ?" ಅಂದಳು. ಏನೂ ಇಲ್ಲ ಎಂದೆ. "ಏನಿದ್ರೂ ಯಾವಾಗ ಬೇಕಾದ್ರೂ ಫೋನ್ ಮಾಡು, ಎತ್ತೇ ಎತ್ತೀನಿ," ಅಂದಳು. ಪ್ರತಿ ಸಲವೂ ಅವಳು ಫೋನ್ ಇಡುವುದು ಈ ಮಾತು ಹೇಳಿಯೇ. ಅಪ್ಪ ಹೋದ ದಿನ ನಾನು ಎರಡು ಸಲ ಮಾಡಿದ್ದೆ, ಸಿಗಲಿಲ್ಲ, ಅಷ್ಟೆ. ಅದನ್ನೇ ಇಷ್ಟು ವರ್ಷ ಹೊತ್ತುಕೊಂಡು ತಿರುಗಬೇಕೇ?

ಮಾರ್ಚ್ 14, ಶನಿವಾರ

ಬೆಳಿಗ್ಗೆ ಒಂಬತ್ತಕ್ಕೆ ಪ್ರೋಗ್ರಾಂ ನಿಂತು ಮತ್ತೆ ಶುರುವಾಯಿತು. ನನ್ನ ನಂಬರಿಗೇ ಒಂದು ಮೆಸೇಜ್ ಕಳಿಸಿ ನೋಡಿದೆ. ಬಂತು. ಇನ್ನೊಂದು ಕಳಿಸಿದೆ. ಬಂತು. ಹನ್ನೊಂದು ಕಳಿಸಿದೆ. ಅನುಮಾನಪ್ಪ ಆ ಕಡೆಯಿಂದ ನೋಡುತ್ತಿದ್ದ. "ನನ್ನ ಕಾಯಿಲೆ ನಿಮಗೂ ಅಂಟ್ಕೊಳ್ತಾ ಮೇಡಂ?" ಎಂದ. ನಗು ಬರಲಿಲ್ಲ.

ಅಪ್ಪನಿದ್ದ ಆಸ್ಪತ್ರೆಯ ಕೋಣೆ ನೆನಪಾಯಿತು. ಕಿಟಕಿಯ ಕೆಳಗೆ ಕಬ್ಬಿಣದ ಕುರ್ಚಿ, ನನ್ನ ಕೈಯಲ್ಲಿ ಫೋನು. ತಂಗಿಯ ನಂಬರು ತೆಗೆದು ನೋಡುತ್ತ ಕೂತಿದ್ದೆ. ಒಂದು ಸಲವಾದರೂ ಮಾಡಿಯೇ ಇರಬೇಕು.

ಮಾರ್ಚ್ 16, ಸೋಮವಾರ

ಇವತ್ತು ಮಧ್ಯಾಹ್ನ ಒಂದು ಕಣ್ಣು ಬಂತು. ಮೆಸೇಜ್ ಸರಿಯಾಗಿಯೇ ಹೋಯಿತು. ಈಗ ಪಟ್ಟಿಯ ಮೊದಲಲ್ಲಿರುವವರು ನಾಲ್ಕು ನಿಮಿಷದಲ್ಲಿ ಉತ್ತರ ಕೊಟ್ಟರು.

ಗುರುವಾರವೇ ನಾನು ಬಾಯಿ ಬಿಟ್ಟಿದ್ದರೆ ಅದು ಬೈಂಡರದು.

ಮಾರ್ಚ್ 17, ಮಂಗಳವಾರ

ಬೆಳಿಗ್ಗೆ ಆಸ್ಪತ್ರೆಗೆ ಪತ್ರ ಬರೆದೆ. ಒಂದೂವರೆ ಪುಟ. ಮೊದಲು 'ತಾಂತ್ರಿಕ ದೋಷ ಉಂಟಾಗಿತ್ತು' ಎಂದು ಬರೆದಿದ್ದೆ. ಅಳಿಸಿ, 'ನಾನು ಮೆಥಡನ್ನು ಬದಲಾಯಿಸಿ, ಸರಿಯಾಗಿ ವಾಪಸು ಕೂರಿಸಲಿಲ್ಲ' ಎಂದು ಬರೆದೆ. 'ಇದು ಹನ್ನೊಂದನೆಯ ತಾರೀಖಿಗೇ ನನಗೆ ಗೊತ್ತಾಗಿತ್ತು' ಎಂದು ಸೇರಿಸಿದೆ. ಆದೇಶಗಳ ಪಟ್ಟಿಯನ್ನೂ ಜೊತೆಗಿಟ್ಟೆ. ದೊಡ್ಡವರಿಗೆ ಒಂದು ಪ್ರತಿ.

ಅವರು ಕರೆಸಲಿಲ್ಲ, ತಾವೇ ಎದ್ದು ನನ್ನ ಮೇಜಿಗೆ ಬಂದರು. "ಒಂದು ಮಾತು ಕೇಳಿ ಕಳಿಸೋದಲ್ವಾ?" ಎಂದರು. ಕೇಳಿದ್ದರೆ ಬೇಡ ಅನ್ನುತ್ತಿದ್ದಿರಿ ಎಂದೆ. ಓಡುವ ಪ್ರೋಗ್ರಾಂ ಮುಟ್ಟುವ ಅಧಿಕಾರ ಇಂದಿನಿಂದ ನನಗಿಲ್ಲ. ಅದು ಅನುಮಾನಪ್ಪನಿಗೆ ಹೋಗಿದೆ. ಕೀಲಿಪದ ಕೊಡಲು ಹೋದಾಗ ಅವನು ನನ್ನ ಮುಖ ನೋಡದೆ, "ಅವತ್ತು ನಾನೂ ಸ್ವಲ್ಪ ಹಟ ಹಿಡೀಬೇಕಿತ್ತು," ಅಂದ.

"ನೀನು ಕೇಳಿದ್ದೆಯಲ್ಲಪ್ಪ."

"ಕೇಳಿ ನಕ್ಕು ಎದ್ದುಹೋದೆ."

ಪಟ್ಟಿ ಮೇಡಂ ಸಂಜೆ ಫೋನ್ ಮಾಡಿದರು. ಬೈಂಡರು ಮತ್ತೆ ಮೊದಲನೆಯವರು. "ಆ ಹುಡುಗಿಗೆ ನಾನು ಏನೇನೋ ಅಂದ್ಬಿಟ್ಟೆ ರೀ," ಎಂದು ಒಂದೇ ಸಮನೆ ಹೇಳುತ್ತಿದ್ದರು. "ಪಟ್ಟಿ ಸರಿ ಮಾಡೋದು ನನ್ನ ಕೆಲಸ, ಮಾಡಿದೀನಿ. ಅವಳಿಗೆ ಹೇಳೋದು ಮಾತ್ರ ನೀವೇ ಹೇಳಿ."

ಮಾರ್ಚ್ 19, ಗುರುವಾರ

ಬೈಂಡರ ಅಂಗಡಿ ಒಂದು ಮುದ್ರಣಾಲಯದ ಹಿಂದಿನ ಕೋಣೆ. ಅಂಟಿನ ವಾಸನೆ. ಗೋಡೆಯುದ್ದಕ್ಕೂ ಬೆನ್ನು ಕಿತ್ತ ಪುಸ್ತಕಗಳು. ಅವರು ಕೆಳಗೆ ಕೂತು ಹಾಳೆಯ ಮಡಿಕೆಗಳನ್ನು ಬೆರಳಲ್ಲೇ ಸವರಿ ಒಂದರ ಮೇಲೊಂದು ಇಡುತ್ತಿದ್ದರು. ಮಗಳು ಪಕ್ಕದಲ್ಲಿ ಪುಟದ ಸಂಖ್ಯೆಯನ್ನು ಗಟ್ಟಿಯಾಗಿ ಓದುತ್ತಿದ್ದಳು. ಮೂವತ್ತರ ಆಸುಪಾಸು. ಅವಳ ಫೋನು ಪರದೆ ಮೇಲ್ಮುಖವಾಗಿ ಕಣ್ಣೆದುರಿಗೇ ಇತ್ತು.

ನಿಂತುಕೊಂಡೇ ಹೇಳಿದೆ. ಕ್ಲಾಸು, ಮೆಥಡು ಯಾವುದೂ ಬೇಕಾಗಲಿಲ್ಲ. ಮೆಸೇಜ್ ಹೋಗಲಿಲ್ಲ, ಹೋಗದಂತೆ ಮಾಡಿದ್ದು ನಾನು, ಯಂತ್ರ ಸುಳ್ಳು ಹೇಳಲ್ಲ ಅಂದವಳೂ ನಾನೇ ಎಂದೆ. ಸೋಮವಾರದ ಕಣ್ಣಿನ ವಿಷಯವನ್ನೂ ಹೇಳಿದೆ.

"ಹಂಗಾದ್ರೆ ಆ ಮೆಸೇಜು ಎಲ್ಲಿಗೆ ಹೋಯ್ತು?" ಎಂದರು ಬೈಂಡರು.

"ಎಲ್ಲಿಗೂ ಹೋಗಲಿಲ್ಲ."

"ಎಲ್ಲಿಗೂ ಇಲ್ವಾ," ಎಂದು ಕೈಯಲ್ಲಿದ್ದ ಮಡಿಕೆಯನ್ನು ಕೆಳಗಿಟ್ಟರು. "ಅವತ್ತಿನಿಂದ ಇವಳ ಹತ್ರ ನಾನು ನೆಟ್ಟಗೆ ಮಾತಾಡಿಲ್ಲ ಕಣಮ್ಮ. ಇವಳು ಅನ್ನ ಹಾಕಿದ್ರೆ ಉಂಡೆ. ಕೈ ಹಿಡಿದು ನಡೆಸಿದ್ರೆ ನಡೆದೆ. ಮಾತು ಮಾತ್ರ ಆಡಲಿಲ್ಲ."

ಮಗಳು ನನ್ನನ್ನೇ ನೋಡುತ್ತಿದ್ದಳು. ಬಯ್ಯುತ್ತಾಳೆಂದು ಕಾದೆ.

"ಆದ್ರೆ ನನಗೆ ನೆನಪಿದೆ," ಅಂದಳು. "ಅಳಿಸಿದ್ದು ನೆನಪಿದೆ ನನಗೆ. ಮೊದಲು ಇರಲಿಲ್ಲ. ಎಲ್ಲರೂ ಹೇಳಿ ಹೇಳಿ ನಾನು ಒಪ್ಕೊಂಡ ಮೇಲೆ ನೆನಪಾಯ್ತು. ಹಲ್ಲುಜ್ಜುತ್ತಾ, ಎಡಗೈಯಲ್ಲಿ. ಹೆಬ್ಬೆರಳು ಒದ್ದೆ ಇತ್ತು. ಅದೂ ನಡೆದೇ ಇಲ್ವಾ?"

"ಇಲ್ಲಮ್ಮ."

"ಮತ್ತೆ ಅದನ್ನ ಎಲ್ಲಿಡಲಿ ನಾನು?"

ಬೈಂಡರು ಕೈ ಚಾಚಿ ತಡಕಾಡಿದರು. ಮಗಳ ಮೊಣಕಾಲು ಸಿಕ್ಕಿತು, ಅಲ್ಲೇ ಕೈಯಿಟ್ಟುಕೊಂಡರು. "ಎಷ್ಟನೇ ಪುಟದಲ್ಲಿದ್ವಿ?" ಎಂದು ಕೇಳಿದರು. ಅವಳು ಹಾಳೆ ತಿರುಗಿಸಿ ಸಂಖ್ಯೆ ಹುಡುಕಿದಳು.

ನಾನು ಹೊರಟಾಗ ಇಬ್ಬರೂ ಕೂರು ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ.

ಮಾರ್ಚ್ 20, ಶುಕ್ರವಾರ

ತಂಗಿಗೆ ಫೋನ್ ಮಾಡಿರಲಿಲ್ಲ.

ಆ ದಿನ ಬೆಳಿಗ್ಗೆ ಎಂಟಕ್ಕೆ ಅಪ್ಪ ಎಚ್ಚರವಾದರು. ಅವಳೆಲ್ಲಿ ಎಂದರು. ಅಷ್ಟು ದಿನ ಪಕ್ಕದಲ್ಲಿ ಕೂತಿದ್ದವಳು ನಾನು. ಹಾಸಿಗೆ ಬದಲಾಯಿಸಿದವಳು, ಔಷಧಿಯ ಸಮಯ ಬರೆದಿಟ್ಟವಳು ನಾನು. ಅವಳು ವಾರಕ್ಕೊಮ್ಮೆ ಒದ್ದೆ ಕೂದಲಲ್ಲೇ ಬಂದು, ಅವರನ್ನು ನಗಿಸಿ ಹೋಗುತ್ತಿದ್ದಳು. "ಫೋನ್ ಮಾಡಿದೆಯಾ?" ಎಂದು ಕೇಳಿದರು. ಹೌದು ಎಂದೆ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಕೇಳಿದರು. ಹೌದು ಎಂದೆ. ಒಂದು ಬೆಳಿಗ್ಗೆಯಾದರೂ ಅವರು ನನ್ನವರಾಗಿಯೇ ಇರಲಿ ಎಂದುಕೊಂಡಿದ್ದೆ. ಆಮೇಲೆ ಮಾಡಿದರಾಯಿತು ಎಂದು ನಂಬರು ತೆಗೆದು ಹಿಡಿದುಕೊಂಡಿದ್ದೆ. ಹತ್ತಕ್ಕೆ ಹೋಗಿಬಿಟ್ಟರು.

ಮಧ್ಯಾಹ್ನ ಯಾರಿಂದಲೋ ಸುದ್ದಿ ತಿಳಿದು ಅವಳು ಓಡಿಬಂದಾಗ, "ಎಷ್ಟು ಸಲ ಮಾಡೋದೇ ನಿನಗೆ?" ಎಂದು ನಾನೇ ಮೊದಲು ಬಾಯಿಬಿಟ್ಟೆ. ಅವಳು ಆರಿಹೋದ ಫೋನನ್ನು ನೋಡಿಕೊಂಡಳು. ಅದು ಯಾವಾಗ ಆರಿತೋ ಅವಳಿಗೂ ಗೊತ್ತಿರಲಿಲ್ಲ.

ಹಿಂದಿನ ಪುಟಗಳಲ್ಲಿ ಏನು ಬರೆದಿದ್ದೇನೋ ನೋಡಿಲ್ಲ.

ಮಾರ್ಚ್ 21, ಶನಿವಾರ

ಈಜುಕೊಳಕ್ಕೆ ಹೋಗಿದ್ದೆ. ಮಕ್ಕಳು ಇನ್ನೂ ಬಟ್ಟೆ ಬದಲಾಯಿಸುತ್ತಿದ್ದರು. ತಂಗಿ ಮೆಟ್ಟಿಲ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು, ಎದೆಯ ಮೇಲೆ ಚೀಲ. "ಏನಕ್ಕ ಹೇಳದೇ ಕೇಳದೇ? ಫೋನ್ ಮಾಡಿದ್ರೆ ಹೊರಗೇ ಬರ್ತಿದ್ನಲ್ಲ," ಎಂದು ಎದ್ದಳು.

ಹೇಳಿದೆ. ಮೇಲೆ ಬರೆದಿರುವಷ್ಟೂ, ಅದೇ ಕ್ರಮದಲ್ಲಿ.

"ಅಪ್ಪ ನನ್ನ ಕೇಳಿದ್ರಾ?" ಅಂದಳು.

"ಕೇಳಿದ್ರು."

"ಎಷ್ಟು ಸಲ?"

"ಎಣಿಸಲಿಲ್ಲ."

"ನೀನೇನಂದೆ?"

"ಹೌದು ಅಂದೆ. ಮಾಡಿದೀನಿ, ಬರ್ತಿದ್ದಾಳೆ ಅಂದೆ."

ಅವಳು ನೀರಿನ ಕಡೆ ತಿರುಗಿದಳು. "ಹಂಗಾದ್ರೆ ನಾನು ಬರ್ತಿದ್ದೀನಿ ಅಂದ್ಕೊಂಡೇ ಹೋದ್ರು," ಅಂದಳು. ನನಗೆ ಹೇಳಿದ ಹಾಗಿರಲಿಲ್ಲ. ಆಮೇಲೆ ಎರಡೂ ಕೈಯಿಂದ ಚೀಲದ ದಾರವನ್ನು ತಲೆಯ ಮೇಲಿಂದ ತೆಗೆದಳು. ಕೂದಲಿಗೆ ಸಿಕ್ಕಿಕೊಂಡಿತು. ಬಿಡಿಸಲು ನಾನು ಕೈಯೆತ್ತಿದೆ, ಅವಳು ಹಿಂದೆ ಸರಿದು ತಾನೇ ಬಿಡಿಸಿಕೊಂಡಳು. ಚೀಲವನ್ನು ಬೆಂಚಿನ ಮೇಲಿಟ್ಟಳು. ಕೊರಳಲ್ಲಿ ದಾರವಿದ್ದ ಕಡೆ ಬೆಳ್ಳಗೆ ಒಂದು ಗೆರೆ.

"ಟೀಚರ್, ಗಂಟೆ ಎಲ್ಲಿ?" ಎಂದು ಒಂದು ಮಗು ಕೂಗಿತು.

"ಇವತ್ತು ರಜ," ಎಂದು ನೀರಿಗಿಳಿದಳು.

ಮಾರ್ಚ್ 29, ಭಾನುವಾರ

ಒಪ್ಪಂದ ಮುಂದುವರಿಯಿತು; ನಿಯಮ ಬದಲಾಗಿದೆ. ಮೆಸೇಜ್ ಹೋಗಲಿ ಬಿಡಲಿ, ಪಟ್ಟಿ ಮೇಡಂ ಫೋನನ್ನೂ ಮಾಡಬೇಕು. ಕರಡು ಬರೆದವನು ಅನುಮಾನಪ್ಪ, ಓದಿ ನೋಡಿ ಎಂದು ನನಗೆ ಕೊಟ್ಟ. ಒಂದು ಅಲ್ಪವಿರಾಮ ಸೇರಿಸಿದೆ.

ಬೈಂಡರು ಮೊದಲನೆಯವರಾಗಿಯೇ ಇದ್ದಾರೆ. ಕಣ್ಣು ಇನ್ನೂ ಬಂದಿಲ್ಲ. ಹದಿನಾರರ ನಂತರ ಒಂದೂ ಬಂದಿಲ್ಲ. ಮಗಳು ದಿನಕ್ಕೆರಡು ಸಲ ಆಸ್ಪತ್ರೆಗೆ ಫೋನ್ ಮಾಡಿ ನಂಬರ್ ಸರಿಯಾಗಿದೆಯೇ ಎಂದು ಕೇಳುತ್ತಾಳಂತೆ.

ಬೆಳಿಗ್ಗೆ ಹನ್ನೊಂದಕ್ಕೆ ತಂಗಿಗೆ ಫೋನ್ ಮಾಡಿದೆ. ಒಂದು ರಿಂಗ್ ಆಯಿತು. ಎರಡಾಯಿತು. ಮೂರನೆಯದಕ್ಕೆ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಫೋನು ಲಾಕರಿನಲ್ಲಿರಬಹುದು. ಎಲ್ಲಿಟ್ಟೆ ಎಂದು ಮನೆಯೆಲ್ಲ ಹುಡುಕುತ್ತಿರಬಹುದು. ಕೈಯಲ್ಲೇ ಹಿಡಿದುಕೊಂಡು ನನ್ನ ಹೆಸರನ್ನು ನೋಡುತ್ತ ಕೂತಿರಲೂಬಹುದು. ಹನ್ನೆರಡು ರಿಂಗ್ ಆಗಿ ತಾನಾಗಿಯೇ ನಿಂತಿತು.

ನಾನು ಕರೆಯನ್ನು ಕತ್ತರಿಸಲಿಲ್ಲ.